ಕೈ ಎತ್ತಿದರೂ ಮೇಲೇಳದ ರವಿಕೆ: ಬೇಸಿಗೆ ಮದುವೆಗೆ ಖಣದ ಹೊಲಿಗೆ

ಕೊನೆಗೂ ತೋಳು ಕೂತಿತು. ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು ಮುಡಿಗೆ ಹೂವು ಸಿಕ್ಕಿಸಿಕೊಂಡರೂ ರವಿಕೆಯ ಕೆಳ ಅಂಚು ಇದ್ದಲ್ಲೇ ಇದೆ. ಹೊಲಿಯುವವರಿಗೆ ಈ ಸಂತೋಷ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಡಾಟು, ಸೊಂಟದ ಪಟ್ಟಿ, ಕುತ್ತಿಗೆಯ ಪೈಪಿಂಗ್ ಎಲ್ಲವೂ ಎಂದಿನಂತೆಯೇ ಆದವು, ಅವುಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಈ ಸಲದ ಬರಹವೆಲ್ಲ ಕಂಕುಳ ಕೆಳಗಿನ ಅಂಗೈ ಅಗಲದ ಜಾಗದ ಬಗ್ಗೆ.

ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಗೆಳತಿಯ ತಂಗಿಯ ಮದುವೆ. ಬಸವನಗುಡಿಯ ಹಳೆಯ ಕಾಲದ ಛತ್ರ. ಚಾವಣಿ ಎತ್ತರವಾಗಿದೆ, ಫ್ಯಾನುಗಳಿವೆ, ಏಸಿ ಇಲ್ಲ. ಬೆಂಗಳೂರಿನ ಹವೆ ತಂಪು ಎಂದು ಹೊರಗಿನವರು ಈಗಲೂ ಹೇಳುತ್ತಾರೆ, ಆದರೆ ಇದೇ ಊರಿನ ಉಷ್ಣಾಂಶ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದೆ. ಹಿಂದಿನ ಸಂಜೆ ಒಂದು ಮಳೆ ಹೊಡೆದರಂತೂ ಮರುದಿನದ ಸೆಕೆ ಇನ್ನೂ ಜೋರು. ಮುಹೂರ್ತಕ್ಕೆ ಮುಂಚೆ ಹೋಗಿ ಊಟ ಮುಗಿಸಿ ಬರುವ ತನಕ, ಹೋಮದ ಹೊಗೆ, ಜನರ ಒತ್ತು, ಎಲೆಯ ಮುಂದೆ ಬಿಸಿ ಸಾರು ಎಲ್ಲವನ್ನೂ ಉಟ್ಟ ಬಟ್ಟೆಯಲ್ಲೇ ತಾಳಿಕೊಳ್ಳಬೇಕು. ಹಾಗೆಂದು ಕಚೇರಿಗೆ ಉಡುವ ಸೀರೆಯಲ್ಲಿ ಹೋಗುವುದಕ್ಕೂ ಮನಸ್ಸಿಲ್ಲ. ಮದುವೆಗೆ ಕರೆದವರ ಮನೆಯ ಸಂಭ್ರಮಕ್ಕೆ ನಮ್ಮ ಉಡುಗೆಯೂ ಸೇರಬೇಕು.

ಸೀರೆಯ ಆಯ್ಕೆ ಬೇಗ ಮುಗಿಯಿತು. ಮೈಸೂರು ರೇಷ್ಮೆ ನನ್ನ ಮೆಚ್ಚಿನದು, ಆದರೆ ಬೆವರು ರೇಷ್ಮೆಯ ಬಣ್ಣಕ್ಕೂ ಎಳೆಗೂ ಒಳ್ಳೆಯದಲ್ಲ. ಅದು ಸಂಜೆಯ ಆರತಕ್ಷತೆಗೆ ಸರಿ, ಮೇ ತಿಂಗಳ ಧಾರೆಗೆ ಅಲ್ಲ. ಹೀಗಾಗಿ ಚಿಕ್ಕಮ್ಮ ಕೊಟ್ಟಿದ್ದ ಇಳಕಲ್ ಸೀರೆ ಹೊರಬಂತು. ಮೈಯೆಲ್ಲ ಹತ್ತಿ, ಅಂಚಿನಲ್ಲಿ ಗೋಮಿ ವಿನ್ಯಾಸ, ಕೆಂಪು ಸೆರಗಿನಲ್ಲಿ ಬಿಳಿಯ ತೋಪ ತೆನಿ ವಿನ್ಯಾಸ. ಇಳಕಲ್‌ನಲ್ಲಿ ಮೈಯ ಉದ್ದ ಎಳೆಗಳಿಗೂ (ಹಾಸು) ಸೆರಗಿನ ಉದ್ದ ಎಳೆಗಳಿಗೂ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಬೇಸಿಗೆಯಲ್ಲಿ ಅದರ ನಿಜವಾದ ಲಾಭ ಗೊತ್ತಾಗುತ್ತದೆ: ಮೈಗೆ ತಾಗುವ ಭಾಗ ತಣ್ಣನೆಯ ಹತ್ತಿ, ಜನರ ಕಣ್ಣಿಗೆ ಬೀಳುವ ಸೆರಗು ಹೊಳೆಯುವ ರೇಷ್ಮೆ. ಸೆಕೆಗೂ ಸಡಗರಕ್ಕೂ ಒಟ್ಟಿಗೆ ಒಗ್ಗುವ ಇಂಥ ಸೀರೆಯನ್ನು ನಾನು ಬೇರೆ ಕಂಡಿಲ್ಲ. ಅದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆ ಅದಕ್ಕೆ ಹಳೆಯ ಜೋಡಿ. ತೇರಿನ ಬುಟ್ಟಾ ಇರುವ, ಮಾವಿನ ಚಿಗುರಿನ ಬಣ್ಣದ ತುಂಡೊಂದನ್ನು ಈ ದಿನಕ್ಕೆಂದೇ ಎತ್ತಿಟ್ಟಿದ್ದೆ.

ಇನ್ನು ತೊಡಕಿನ ವಿಷಯ.

ಧಾರೆಯ ಹೊತ್ತಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಮುಂದಿನ ಸಾಲು ವಿಡಿಯೊದವರದು ಮತ್ತು ಹತ್ತಿರದ ಬಂಧುಗಳದು. ಹಿಂದೆ ನಿಂತವರು ಇಷ್ಟು ತಲೆಗಳ ಮೇಲಿಂದ ಅಕ್ಷತೆ ಹಾಕಬೇಕೆಂದರೆ ಬಲಗೈಯನ್ನು ಪೂರ್ತಿ ಎತ್ತಿ ಮುಂದಕ್ಕೆ ಬೀಸಬೇಕು. ಆಗ ರವಿಕೆಯ ಬಲ ಮಗ್ಗುಲು ಎದ್ದು ಬರುತ್ತದೆ. ಕೈ ಇಳಿಸಿದ ಮೇಲೆ ಅದು ತಾನಾಗಿ ಇಳಿಯುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಒಳಗಿನ ಅಸ್ತರು ಬೆವರಿಗೆ ಮೈಗೆ ಅಂಟಿಕೊಂಡಿರುತ್ತದೆ. ಆಮೇಲೆ ಊಟದ ಪಂಕ್ತಿಯ ತನಕ ಸೆರಗಿನ ಮರೆಯಲ್ಲಿ ರವಿಕೆ ಎಳೆದುಕೊಳ್ಳುವುದೇ ಕೆಲಸ. ಛತ್ರದಲ್ಲಿ ಸುತ್ತ ನೋಡಿ, ಅರ್ಧಕ್ಕರ್ಧ ಹೆಂಗಸರು ಅದನ್ನೇ ಮಾಡುತ್ತಿರುತ್ತಾರೆ.

ರವಿಕೆ ಏಳುತ್ತದೆ ಎಂದು ದೂರು ಹೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಆರ್ಮ್‌ಹೋಲ್ (ತೋಳು ಕೂಡಿಸುವ ತೆರಪು) ಇನ್ನೂ ಇಳಿಸಿ, ಸಡಿಲ ಮಾಡಿ. ಇದು ತಲೆಕೆಳಗಾದ ಸಲಹೆ. ಹಳೆಯ ಪಂಚೆಯೊಂದನ್ನು ಕತ್ತರಿಸಿ ಮಾದರಿ ರವಿಕೆಗಳನ್ನು ಹೊಲಿದು ಕನ್ನಡಿಯ ಮುಂದೆ ಕೈ ಎತ್ತಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಕೈ ಎತ್ತಿದಾಗ ಸೊಂಟದಿಂದ ಮೊಣಕೈಯವರೆಗಿನ ಮಗ್ಗುಲಿನ ದೂರ ಹೆಚ್ಚಾಗುತ್ತದೆ. ಆ ಹೆಚ್ಚುವರಿ ಬಟ್ಟೆ ಎಲ್ಲಿಂದಾದರೂ ಬರಲೇಬೇಕು. ಆರ್ಮ್‌ಹೋಲ್ ಆಳವಾಗಿದ್ದಷ್ಟೂ ಮಗ್ಗುಲಿನ ಹೊಲಿಗೆ ಗಿಡ್ಡವಾಗುತ್ತದೆ, ತೋಳು ನೇರವಾಗಿ ಸೊಂಟವನ್ನೇ ಹಿಡಿದು ಜಗ್ಗುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಾಗಿದ್ದರೆ ತೋಳು ಭುಜದ ಬಳಿಯೇ ತಿರುಗುತ್ತದೆ, ಮೈಯ ಭಾಗ ಸುಮ್ಮನಿರುತ್ತದೆ.

ಆರ್ಮ್‌ಹೋಲ್‌ನ ಆಳಕ್ಕೆ ಎದೆ ಸುತ್ತಳತೆಯ ಕಾಲು ಭಾಗ ತೆಗೆದುಕೊಂಡು ಅದರಲ್ಲಿ ಒಂದು ಇಂಚು ಕಳೆಯುವ ಸೂತ್ರ ನಮ್ಮಲ್ಲಿ ಬಹಳ ಜನರಿಗೆ ಬಾಯಿಪಾಠ. ನನ್ನ 38 ಇಂಚಿಗೆ ಅದು ಎಂಟೂವರೆ ಇಂಚಿನ ಆಳ ಕೊಡುತ್ತದೆ. ಕಂಕುಳಲ್ಲಿ ಸ್ಕೇಲು ಅಡ್ಡಲಾಗಿ ಹಿಡಿದು ಭುಜದಿಂದ ನೇರ ಅಳೆದರೆ ಬರುವುದು ಏಳೇ ಇಂಚು. ಎದೆಯ ಅಳತೆ ಹೆಚ್ಚಿದ ಲೆಕ್ಕದಲ್ಲಿ ಕಂಕುಳು ಕೆಳಗಿಳಿಯುವುದಿಲ್ಲ ಎಂಬುದನ್ನು ಈ ಸೂತ್ರ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಮೈ ತುಂಬಿಕೊಂಡವರ ರವಿಕೆಗಳೇ ಹೆಚ್ಚು ಏಳುವುದು ಇದರಿಂದಲೇ, ಅವರ ಮೈಯ ದೋಷದಿಂದಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಅಳತೆಗೆ ಹೀಗೇ ಆಗುವುದು ಎಂದು ಹೇಳಿಸಿಕೊಂಡು ಬಂದ ಹೆಂಗಸರು ಎಷ್ಟು ಜನರೋ.

ಆಳವನ್ನು ಏಳೂವರೆಗೆ ಏರಿಸಿದೆ. ಅರ್ಧ ಜಯ. ಉಳಿದರ್ಧವನ್ನು ತೋಳಿನ ತುಂಡಿನ ಮೇಲ್ತುದಿಯ, ಭುಜಕ್ಕೆ ಕೂಡುವ ಬಾಗು ತಡೆಹಿಡಿದಿತ್ತು. ಬಾಗು ಎತ್ತರವಿದ್ದರೆ ಇಳಿಬಿಟ್ಟ ಕೈಗೆ ತೋಳು ಸುಕ್ಕಿಲ್ಲದೆ ಕೂರುತ್ತದೆ, ಎತ್ತಿದಾಗ ಬಿಗಿಯುತ್ತದೆ. ಬಾಗು ತಗ್ಗಿಸಿದರೆ ಕೈ ಸಲೀಸಾಗಿ ಏಳುತ್ತದೆ, ಇಳಿಸಿದಾಗ ಕಂಕುಳಲ್ಲಿ ಸುಕ್ಕು ಸೇರುತ್ತದೆ. ಪಂಚೆಯ ಬಟ್ಟೆಯಲ್ಲಿ ಆ ಸುಕ್ಕು ಮೆತ್ತಗೆ ಮಡಿಚಿಕೊಂಡಿತು. ಖಣದಲ್ಲಿ ಹಾಗಾಗದು, ಅದಕ್ಕೆ ತನ್ನದೇ ಬಿಗುವಿದೆ. ಸುಕ್ಕು ದಪ್ಪಗೆ ನಿಂತು ಚರ್ಮವನ್ನು ಉಜ್ಜುತ್ತದೆ. ಅರ್ಧ ಇಂಚು ತಗ್ಗಿಸಿ, ಕಾಲು ಇಂಚು ಏರಿಸಿ, ತೋಳಿನ ಸುತ್ತು ಹೆಚ್ಚಿಸಿ, ಎಲ್ಲ ಮಾಡಿದರೂ ಚೆಂದಕ್ಕೂ ಸಲೀಸಿಗೂ ಜಗಳ ನಿಲ್ಲಲಿಲ್ಲ.

ದಾರಿ ತೋರಿಸಿದ್ದು ಅಜ್ಜನ ಖಾದಿ ಜುಬ್ಬಾ. ತಮ್ಮನಿಗೆ ಒಂದು ಹೊಲಿಯೋಣವೆಂದು ಅದನ್ನು ಹೊಲಿಗೆ ಬಿಚ್ಚಿ ಹರಡಿದ್ದೆ. ಎಲ್ಲವೂ ನೇರ ತುಂಡುಗಳು: ಮೈ ಆಯತ, ತೋಳು ಆಯತ, ಬಾಗು ಎಂಬುದೇ ಇಲ್ಲ. ಹಾಗಿದ್ದೂ ಆ ಜುಬ್ಬಾ ತೊಟ್ಟು ಅಜ್ಜ ಮಾವಿನ ಮರಕ್ಕೆ ದೋಟಿ ಹಾಕುತ್ತಿದ್ದರು. ಗುಟ್ಟು ಕಂಕುಳಲ್ಲಿತ್ತು. ಅಲ್ಲೊಂದು ಚೌಕದ ತುಂಡು, ಮೂಲೆ ಮೇಲಾಗಿ ಓರೆಗೆ ಕೂಡಿಸಿದ್ದು. ಕೈ ಎತ್ತಿದಾಗ ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಿಚಿಕೊಂಡು ಒಳಗೆ ಹೋಗುತ್ತದೆ, ಛತ್ರಿಯ ಬಟ್ಟೆಯ ಹಾಗೆ. ಖಾದಿಯ ಮೈಯೆಲ್ಲ ಸವೆದಿದ್ದರೂ ಆ ಚೌಕದ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಹೊಲಿದವರು ಯಾರೋ, ಅವರ ಕೈಗೆ ನಮಸ್ಕಾರ.

ಮೈಗಂಟಿದ ರವಿಕೆಗೆ ಚೌಕ ಹೊಂದುವುದಿಲ್ಲ, ಮೂಲೆಗಳು ಉಬ್ಬುತ್ತವೆ. ವೀಳ್ಯದೆಲೆಯ ತೊಟ್ಟಿನ ಬದಿಯನ್ನೂ ಚೂಪಾಗಿಸಿದ ಆಕಾರಕ್ಕೆ ಬಂದೆ: ಉದ್ದ ಐದು ಇಂಚು, ನಡುವೆ ಅಗಲ ಎರಡು ಇಂಚು, ಹೊಲಿಗೆಯ ಅಂಚು ಬೇರೆ. ಒಂದು ತುದಿ ಮಗ್ಗುಲಿನ ಹೊಲಿಗೆಯಲ್ಲಿ, ಇನ್ನೊಂದು ತೋಳಿನ ಅಡಿ ಹೊಲಿಗೆಯಲ್ಲಿ. ತೋಳನ್ನು ಮೊದಲೇ ಚಪ್ಪಟೆಯಾಗಿ ಮೈಗೆ ಕೂಡಿಸಿ, ಮಗ್ಗುಲು ಮುಚ್ಚುವ ಮುಂಚೆ ಈ ಎಲೆಯನ್ನು ಮುಂಭಾಗಕ್ಕೆ ಒಂದು ಅಂಚು, ಹಿಂಭಾಗಕ್ಕೆ ಇನ್ನೊಂದು ಅಂಚು ಕೊಟ್ಟು ಹೊಲಿಯಬೇಕು. ಹೀಗೆ ಮಾಡಿದರೆ ಬಟ್ಟೆಯನ್ನು ಎಲ್ಲೂ ಸೀಳುವ ಅಗತ್ಯವಿಲ್ಲ. ಖಣ ಎಳೆ ಬಿಡುವ ಬಟ್ಟೆ. ಸೀಳಿದಲ್ಲಿ ಬೇಗ ಪಿಸಿಯುತ್ತದೆ.

ತುದಿಗಳೇ ಕಷ್ಟ. ಹೊಲಿಗೆ ತುದಿಯ ಗುರುತಿಗೆ ಸರಿಯಾಗಿ ನಿಲ್ಲಬೇಕು. ಒಂದು ಹೊಲಿಗೆ ಮುಂದೆ ಹೋದರೆ ಅಲ್ಲಿ ಚಿಕ್ಕ ಗುಳಿ ಬೀಳುತ್ತದೆ, ಹಿಂದೆ ನಿಂತರೆ ತೂತು. ಕೊನೆಯ ಅರ್ಧ ಇಂಚಿಗೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದೆ, 11ನೇ ನಂಬರಿನ ಸೂಜಿ ಹಾಕಿಕೊಂಡು. ರಿವರ್ಸ್ ಹೊಡೆಯುವ ಬದಲು ದಾರದ ತುದಿಗಳನ್ನು ಒಳಗೆ ಎಳೆದು ಗಂಟು ಹಾಕಿದರೆ ಗಟ್ಟಿಯೂ ಹೌದು, ತೆಳುವೂ ಹೌದು.

ಇಷ್ಟೆಲ್ಲ ಆದ ಮೇಲೆ ಹೊಳೆದ ಉಪಾಯವೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು: ಈ ಎಲೆ ಖಣದ್ದೇ ಆಗಬೇಕೆಂದಿಲ್ಲ. ಅದೇ ಬಣ್ಣದ ಟು ಬೈ ಟು ರುಬಿಯಾ ಎಂಬ ತೆಳು ಹತ್ತಿ ಬಟ್ಟೆಯನ್ನು ಎಳೆಗೆ ಓರೆಯಾಗಿ, ಅಂದರೆ ಕ್ರಾಸ್‌ನಲ್ಲಿ ಕತ್ತರಿಸಿ ಹಾಕಿದೆ, ಒಂದೇ ಪದರ, ಅಸ್ತರು ಇಲ್ಲ. ಕ್ರಾಸ್ ಆದ್ದರಿಂದ ಹಿಗ್ಗುತ್ತದೆ. ಒಂಟಿ ಹತ್ತಿ ಆದ್ದರಿಂದ ಅಲ್ಲಿಯ ಬೆವರು ಬೇಗ ಆರುತ್ತದೆ. ರವಿಕೆ ಮೊದಲು ಅಂಟುವ ಜಾಗದಲ್ಲೇ ಈಗ ಗಾಳಿ ಆಡುತ್ತದೆ. ಕೈ ಇಳಿಸಿದರೆ ರುಬಿಯಾ ಕಾಣುವುದೇ ಇಲ್ಲ. ಎತ್ತಿದಾಗ ಕಂಡರೂ ಖಣದ ಬುಟ್ಟಾಗಳ ನಡುವೆ ಕಣ್ಣು ಅಲ್ಲಿಗೆ ಹೋಗುವುದಿಲ್ಲ.

ಅಸ್ತರಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಹತ್ತಿಯ ಅಸ್ತರು ಕೇಳಿದೆ. “ಅಪ್ಪಟ ಕಾಟನ್ನೇ ಮೇಡಂ, ಬೇಕಾದರೆ ಮುಟ್ಟಿ ನೋಡಿ” ಎಂದರು. ಮುಟ್ಟಿದರೆ ನಿಜಕ್ಕೂ ಹಾಗೇ ಇತ್ತು. ಮನೆಗೆ ತಂದು ನಾಲ್ಕು ಎಳೆ ಬಿಡಿಸಿ ಇಕ್ಕಳದಲ್ಲಿ ಹಿಡಿದು ಉರಿಸಿದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗಬೇಕು. ಇದು ಮುದುಡಿ, ಕರಗಿ, ಕಪ್ಪು ಮಣಿ ಕಟ್ಟಿತು. ಉಗುರಿನಲ್ಲಿ ಒತ್ತಿದರೂ ಪುಡಿಯಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್ ಇರಬೇಕು. ಕೊಳ್ಳುವವರಿಗೆ ಇದು ಮೋಸವಲ್ಲದೆ ಮತ್ತೇನು? ಸೆಕೆಯಲ್ಲಿ ಮೈಗೆ ತಾಗುವುದು ಅಸ್ತರು ತಾನೇ. ಮೇಲೆ ಎಂಥ ಕೈಮಗ್ಗದ ಬಟ್ಟೆ ಇದ್ದರೂ ಒಳಗೆ ಪ್ಲಾಸ್ಟಿಕ್ ಹಾಕಿದರೆ ಪ್ರಯೋಜನವಿಲ್ಲ. ಕೊನೆಗೆ ಮಲ್ ಎಂಬ ತೆಳು ಹತ್ತಿ ಬಟ್ಟೆ ತಂದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ, ಆಮೇಲೆ ಕತ್ತರಿಸಿದೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಅಸ್ತರು ಕುಗ್ಗಿ ಖಣವನ್ನು ಎಲ್ಲ ಕಡೆ ಜಗ್ಗುತ್ತದೆ.

ಹುಕ್ಕಿನದೂ ಇದೇ ಕಥೆ. ಹಿತ್ತಾಳೆಯದು ಕೇಳಿದರೆ ಹಿತ್ತಾಳೆ ಬಣ್ಣದ್ದು ಕೊಡುತ್ತಾರೆ. ಬೆವರು ತಾಗಿದರೆ ಅದು ತುಕ್ಕು ಹಿಡಿದು ಪಟ್ಟಿಯ ಮೇಲೆ ಹೋಗದ ಕಲೆ ಬಿಡುತ್ತದೆ. ಈಗ ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬೊಂಬೆ ಇಟ್ಟುಕೊಳ್ಳುತ್ತೇನೆ. ಹುಕ್ಕು ಅದಕ್ಕೆ ಅಂಟಿದರೆ ವಾಪಸ್. ಕೌಂಟರಿನ ಮೇಲೆ ಗಣಪತಿ ಬೊಂಬೆ ಇಟ್ಟು ಹುಕ್ಕು ಪರೀಕ್ಷಿಸುವುದನ್ನು ನೋಡಿ ಅಂಗಡಿಯ ಹುಡುಗ ಮೊದಲು ನಕ್ಕ, ಆಮೇಲೆ ತಾನೇ ಒಳಗಿನಿಂದ ಬೇರೆ ಡಬ್ಬಿ ತಂದ. ಅದರಲ್ಲಿದ್ದವು ನಿಜವಾದ ಹಿತ್ತಾಳೆ ಹುಕ್ಕುಗಳು!

ಪರೀಕ್ಷೆ ಬಸ್ಸಿನಲ್ಲಾಯಿತು. ಮೆಟ್ರೊದಲ್ಲಿ ಏಸಿ ಇರುವುದರಿಂದ ಅದು ನ್ಯಾಯವಾದ ಪರೀಕ್ಷೆಯಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬನಶಂಕರಿಯಿಂದ ಮಾರುಕಟ್ಟೆಯವರೆಗೆ, ಸಾದಾ ಹತ್ತಿ ಸೀರೆಯ ಮೇಲೆ ಇದೇ ರವಿಕೆ ತೊಟ್ಟು, ಮೇಲಿನ ಕಂಬಿ ಹಿಡಿದು ನಿಂತೇ ಹೋದೆ. ಬ್ರೇಕ್ ಹಾಕಿದಾಗಲೆಲ್ಲ ತೋಳು ಜಗ್ಗುತ್ತದೆ, ಅಕ್ಷತೆ ಹಾಕುವುದಕ್ಕಿಂತ ಇದು ಕಠಿಣ. ಇಳಿಯುವಾಗ ಬೆನ್ನು ಒದ್ದೆಯಾಗಿತ್ತು, ರವಿಕೆ ಮಾತ್ರ ಜಾಗ ಬಿಟ್ಟಿರಲಿಲ್ಲ. ಎಡಗಡೆಯ ಎಲೆಯ ಹಿಂದಿನ ತುದಿಯಲ್ಲಿ ಸಣ್ಣದೊಂದು ಎಳೆತ ಕಂಡಿತು. ಅಲ್ಲಿ ಒಳಗಿನಿಂದ ಗುಂಡಿಯಗಲದ ಮಲ್ ತುಂಡು ಇಟ್ಟು ಕೈಯಲ್ಲಿ ಭದ್ರ ಮಾಡಿದ್ದೇನೆ.

ಇದರ ಜೊತೆಗೆ ತಲೆಯಲ್ಲಿ ಓಡುತ್ತಿರುವುದು ಒಳಲಂಗ. ಸೊಂಟಕ್ಕೆ ಲಾಡಿ ಬಿಗಿದು, ಹೋಳಿಗೆ ಊಟ ಮುಗಿಸಿ, ಸೆಕೆಯಲ್ಲಿ ಕೂತರೆ ಆ ಗೆರೆಯ ಉರಿ ಎಲ್ಲರಿಗೂ ಗೊತ್ತಿರುವುದೇ. ಎರಡೂವರೆ ಇಂಚಿನ ಅಗಲದ ಪಟ್ಟಿ, ಮಗ್ಗುಲಲ್ಲಿ ಎರಡು ಹುಕ್ಕು, ಬಲಗಡೆ ನೆರಿಗೆಯ ಹಿಂದೆ ಕೈಗೆ ಸಿಗುವಂತೆ ಮೊಬೈಲ್ ಹಿಡಿಯುವ ಜೇಬು: ಇಷ್ಟು ನಕ್ಷೆಯಾಗಿದೆ. ಜೇಬಿನ ಭಾರಕ್ಕೆ ಲಂಗ ಒಂದು ಕಡೆ ವಾಲದಂತೆ ಜೇಬನ್ನು ಬಟ್ಟೆಗಲ್ಲದೆ ಪಟ್ಟಿಗೇ ತೂಗುಬಿಡಬೇಕೆಂದು ನನ್ನ ಲೆಕ್ಕ. ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ತಿಳಿಸಿ.

ತಮ್ಮನ ಜುಬ್ಬಾ ಅದಕ್ಕೂ ಮೊದಲು ಮುಗಿಯಬೇಕು, ಅವನೂ ಅದೇ ಮದುವೆಗೆ ಬರುತ್ತಾನೆ. ಸಿಲ್ಕ್ ಎಂದು ಮಾರುವ ಹೊಳಪಿನ ರೆಡಿಮೇಡ್ ಜುಬ್ಬಾ ಬೇಡವೆಂದು ಒಪ್ಪಿಸಿದ್ದೇನೆ. ತೆಳು ಖಾದಿ, ಅಜ್ಜನ ಅಳತೆಯ ಚೌಕ, ಕೆಳಗೆ ಜರಿ ಅಂಚಿನ ಪಂಚೆ. ಬಟ್ಟೆ ನೀರಿಗೆ ಹಾಕಿಯಾಗಿದೆ. ರವಿಕೆಗೆ ಇನ್ನು ಉಳಿದಿರುವುದು ತೋಳಿನ ಅಂಚಿನ ಹೆಮ್ಮಿಂಗ್ ಮತ್ತು ಹುಕ್ಕುಗಳು. ಸೆರಗಿಗೆ ಕುಚ್ಚು ಹಾಕಲು ಪಕ್ಕದ ಬೀದಿಯ ಅಕ್ಕ ಸೀರೆ ಒಯ್ದಿದ್ದಾರೆ, ಮುಂದಿನ ವಾರ ಕೊಡುತ್ತಾರಂತೆ.