ಬಾತ್ 65 ತೋರಿಸುತ್ತಿತ್ತು

ಲೈಪೊಸೋಮ್ ಅಂದರೆ ಔಷಧಿ ತುಂಬುವ, ಕೊಬ್ಬಿನ ಅತಿ ಸಣ್ಣ ಗುಳ್ಳೆ. ಅದನ್ನು ಮಾಡುವವರಿಗೆ ಕಣ್ಣೇ ಮೊದಲ ಮಷೀನು. ಹಾಲಿನಂತೆ ಬೆಳ್ಳಗಿದ್ದದ್ದು 100 ನ್ಯಾನೊಮೀಟರ್ ತೂತುಗಳ ಮೆಂಬ್ರೇನ್ (ತೆಳು ಜರಡಿ ಹಾಳೆ) ದಾಟಿ ಬಂದಾಗ ತಿಳಿಯಾಗುತ್ತದೆ, ಬೆಳಕಿಗೆ ಹಿಡಿದರೆ ನೀಲಿ ಛಾಯೆ ಕಾಣುತ್ತದೆ. ಒಂಬತ್ತು ವರ್ಷದಿಂದ ಟ್ರೇನಿಗಳಿಗೆ ಇದನ್ನು ಹೇಳಿಕೊಡುತ್ತಿರುವವಳು ನಾನೇ. ಅದೇ ನಾನು ಒಂದು ಮಧ್ಯಾಹ್ನ ಬಾಟಲಿಗೆ ಹಾಲು ಬೀಳುತ್ತಿದ್ದಾಗ "ಬಂತು, ಬಂತು" ಎಂದು ಕುಣಿದೆ.

ನಮ್ಮದು ಬೆಂಗಳೂರಿನ ಹೊರವಲಯದ ಒಂದು ಫಾರ್ಮುಲೇಶನ್ ಲ್ಯಾಬ್. ಮಾಡುತ್ತಿದ್ದದ್ದು ಡಾಕ್ಸಿಲ್‌ನ ಜೆನೆರಿಕ್. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಕ್ಯಾನ್ಸರ್ ಔಷಧಿ ಅದು. ರೆಸಿಪಿ ಗುಟ್ಟೇನಲ್ಲ. ಎಚ್‌ಎಸ್‌ಪಿಸಿ ಎಂಬ ಲಿಪಿಡ್ (ಕೊಬ್ಬು), ಕೊಲೆಸ್ಟ್ರಾಲ್, ಪೆಗ್ ಸೇರಿಸಿದ ಲಿಪಿಡ್, ತೂಕದಲ್ಲಿ 3:1:1. ಬಿಸಿ ಎಥನಾಲ್‌ನಲ್ಲಿ ಕರಗಿಸಿ ಅಮೋನಿಯಂ ಸಲ್ಫೇಟ್‌ಗೆ ಬಿಡು, ಎಕ್ಸ್‌ಟ್ರೂಡ್ ಮಾಡು (ಒತ್ತಡ ಹಾಕಿ ಮೆಂಬ್ರೇನ್ ಮೂಲಕ ತಳ್ಳು), ಹೊರಗಿನ ಸಲ್ಫೇಟ್ ತೆಗೆ, ಡಾಕ್ಸೊರುಬಿಸಿನ್ ಹಾಕಿ ಬಿಸಿ ಮಾಡು. ಡ್ರಗ್ ತಾನಾಗಿ ಗುಳ್ಳೆಯೊಳಗೆ ಹೋಗಿ ಕೂರುತ್ತದೆ. ಇಷ್ಟೇ. ಮೈಸೂರು ಪಾಕ್‌ಗೂ ಮೂರೇ ಸಾಮಾನು, ಅಲ್ವಾ?

ಅವತ್ತಿನ ಬ್ಯಾಚ್ 500 ಎಂಎಲ್. 400, 200 ನ್ಯಾನೊಮೀಟರ್ ಮೆಂಬ್ರೇನ್ ಎರಡರಲ್ಲೂ ಸಲೀಸಾಗಿ ಹೋಯಿತು. 100ರ ಮೆಂಬ್ರೇನ್ ಎರಡು ಪೇರಿಸಿ, ಹೊಳೆಯುವ ಮುಖ ಮೇಲೆ ಮಾಡಿ ಕೂರಿಸಿದೆ. ಸ್ಯಾಂಪಲ್ ಸುರಿದು ಮುಚ್ಚಳ ಬಿಗಿ ಮಾಡುವಾಗ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಡಿಜಿ (ಡೀಸೆಲ್ ಜನರೇಟರ್) ಬಂತು. ಎಕ್ಸ್‌ಟ್ರೂಡರ್ ಬ್ಯಾರೆಲ್ ಸುತ್ತಲಿನ ಜಾಕೆಟ್‌ಗೆ ಬಿಸಿನೀರು ಕಾಯಿಸುವ ಬಾತ್ ಕೀಂ ಎಂದು ಮತ್ತೆ ಶುರುವಾಯಿತು. ಅಷ್ಟರಲ್ಲಿ ಮ್ಯಾನೇಜರ್ "ಐದು ನಿಮಿಷ ಬನ್ನಿ" ಎಂದು ಕರೆದರು. ಅವರ ಐದು ನಿಮಿಷ ಅಂದರೆ ನಲವತ್ತು ನಿಮಿಷ, ಮೂವತ್ತೆರಡು ಸ್ಲೈಡು.

ವಾಪಸ್ ಬಂದು ಬಾತ್‌ನ ಡಿಸ್‌ಪ್ಲೇ ನೋಡಿದೆ. 64.9 ಡಿಗ್ರಿ. ಸರಿ ಎಂದು ನೈಟ್ರೋಜನ್ ಗ್ಯಾಸ್ ತೆರೆದೆ. ನಮ್ಮಲ್ಲಿ 300 ಪಿಎಸ್‌ಐ ಒತ್ತಡಕ್ಕೆ ಧಾರೆಯಾಗಿ ಬರುತ್ತಿತ್ತು. ಅವತ್ತು ಒಂದೊಂದೇ ಹನಿ. 350ಕ್ಕೂ ಹನಿ. 400ಕ್ಕೆ ಅದೂ ನಿಂತಿತು.

ಪಕ್ಕದಲ್ಲಿದ್ದ ಟ್ರೇನಿ ಹುಡುಗ ಮೆಲ್ಲಗೆ ಹೇಳಿದ, "ಮೇಡಂ, ಬ್ಯಾರೆಲ್ ಬಿಸಿನೇ ಇಲ್ಲ ಅನಿಸುತ್ತೆ."

ನಾನು ಡಿಸ್‌ಪ್ಲೇ ಕಡೆ ಬೆರಳು ತೋರಿಸಿದೆ. "65 ಇದೆ ನೋಡಪ್ಪ. ಎರಡು ಜೊತೆ ಗ್ಲೌಸ್ ಹಾಕ್ಕೊಂಡು ಮುಟ್ಟಿದರೆ ಏನು ಗೊತ್ತಾಗುತ್ತೆ?"

ಅವನು ಸುಮ್ಮನಾದ. ನನ್ನ ತಲೆಯಲ್ಲಿ ಆಗಲೇ ತೀರ್ಪು ಬರೆದಾಗಿತ್ತು. ಪರ್ಚೇಸ್‌ನವರು ಮೆಂಬ್ರೇನ್‌ನ ಕೆಟ್ಟ ಲಾಟ್ ತಂದು ಹಾಕಿದ್ದಾರೆ. 500 ಮಾಡಿದೆ. 600 ಮಾಡಿದೆ. 650ಕ್ಕೆ ಒಳಗೆ ಎಲ್ಲೋ ಟಪ್ ಎಂದಂತಾಯಿತು. ಆಮೇಲೆ ಧಾರೆಯೋ ಧಾರೆ! ನಾನು ಕುಣಿದದ್ದು ಆಗ. ಹುಡುಗ ಬಾಟಲಿಯನ್ನೇ ನೋಡುತ್ತಿದ್ದ. ಬೆಳ್ಳಗಿತ್ತು. ಅವನಿಗೆ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ಬಿಟ್ಟರೆ ಇನ್ನೊಂದು ಬೈಗುಳ ಗ್ಯಾರಂಟಿ ಅಂತ ಅಂದುಕೊಂಡಿರಬೇಕು.

ಗುಳ್ಳೆಯ ಸೈಜ್ ಅಳೆಯುವ ಡಿಎಲ್‌ಎಸ್ ಮಷೀನಿಗೆ ಹಾಕಿದೆ. 186 ನ್ಯಾನೊಮೀಟರ್, ಪಿಡಿಐ (ಸೈಜ್ ಎಷ್ಟು ಏರುಪೇರಾಗಿದೆ ಎಂಬ ಅಂಕಿ) 0.31. ಧೂಳಿರಬೇಕು ಎಂದು ಕುವೆಟ್ ಬದಲಿಸಿದೆ. 183. ಮೂರನೇ ಸಲವೂ ಹಾಕಿದೆ, ನಾಚಿಕೆ ಇಲ್ಲದೆ. ನಮಗೆ ಬೇಕಿದ್ದದ್ದು 90ರ ಆಸುಪಾಸು. 200ರಿಂದ ಬಂದ ಗುಳ್ಳೆಗಳೇ ಹರಿದ ಮೆಂಬ್ರೇನ್‌ನಿಂದ ಹಾಗೆಯೇ ಕೆಳಗಿಳಿದಿದ್ದವು.

ಆಗ ಗ್ಲೌಸ್ ತೆಗೆದು ಬ್ಯಾರೆಲ್ ಮುಟ್ಟಿದೆ. ಕುಡಿಯಲು ಮರೆತು ಬಿಟ್ಟ ಕಾಫಿ ಲೋಟದಂತಿತ್ತು. ಎಚ್‌ಎಸ್‌ಪಿಸಿ 50 ಡಿಗ್ರಿ ದಾಟಿದ ಮೇಲಷ್ಟೇ ಸಡಿಲವಾಗುವ ಲಿಪಿಡ್. ಅದಕ್ಕಿಂತ ಕೆಳಗೆ ಅದು ಚಳಿಗಾಲದ ತುಪ್ಪ. ಅಂಥ ಗಟ್ಟಿ ಗುಳ್ಳೆ ಬಗ್ಗಿ ತೂತಿನಲ್ಲಿ ನುಸುಳುವುದಿಲ್ಲ, ತೂತಿಗೇ ಅಡ್ಡ ಕೂರುತ್ತದೆ. ಒತ್ತಡ ಜಾಸ್ತಿ ಮಾಡಿದರೆ ಹರಿಯುವುದು ಮೆಂಬ್ರೇನ್.

ಬಾತ್‌ನಲ್ಲಿ ನೀರು ಬಿಸಿಯಾಗಿಯೇ ಇತ್ತು. ಅದನ್ನು ಜಾಕೆಟ್‌ಗೆ ತಳ್ಳುವ ಪಂಪ್ ನಿಂತಿತ್ತು. ವೈರು ಹಿಡಿದು ಹೋದೆ. ಬಾತ್‌ನ ಪ್ಲಗ್ ಡಿಜಿ ಲೈನಿನಲ್ಲಿತ್ತು. ಪಂಪ್‌ನ ಪ್ಲಗ್ ಮಾತ್ರ ಡಿಜಿ ಇಲ್ಲದ ಬೋರ್ಡಿನಲ್ಲಿತ್ತು. ಯಾವನು ಹಾಕಿದ ಎಂದು ಬೈಯಲು ಬಾಯಿ ತೆರೆದವಳಿಗೆ ನೆನಪಾಯಿತು. ಮೂರು ವಾರದ ಹಿಂದೆ ಟೇಬಲ್ ಸರಿಸಿದಾಗ ವೈರು ಸಾಲದೆ ನಾನೇ ಅಲ್ಲಿ ಚುಚ್ಚಿದ್ದೆ.

ಮತ್ತೆ ಬಿಸಿ ಮಾಡಿ, ಹೊಸ ಮೆಂಬ್ರೇನ್ ಹಾಕಿ ಬಿಟ್ಟಿದ್ದರೆ ಸೈಜ್ ಇಳಿಯುತ್ತಿತ್ತು. ಆದರೆ ಅದು ಸ್ಟೆಬಿಲಿಟಿಗೆ (ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬ ಪರೀಕ್ಷೆಗೆ) ಹೋಗಬೇಕಿದ್ದ ಬ್ಯಾಚ್, ಪ್ರೋಟೋಕಾಲ್‌ನಲ್ಲಿ ರೀಪ್ರೊಸೆಸಿಂಗ್ ಇರಲಿಲ್ಲ. ಅಷ್ಟೂ ದುಬಾರಿ ಲಿಪಿಡ್ ವೇಸ್ಟ್ ಕ್ಯಾನಿಗೆ ಹೋಯಿತು. ತನಿಖೆಯ ಕೊನೆಯಲ್ಲಿ ಎಂದಿನಂತೆ "ಹ್ಯೂಮನ್ ಎರರ್, ರೀಟ್ರೇನಿಂಗ್" ಎಂದು ಬರೆದರು. ಎಕ್ಸ್‌ಟ್ರೂಡರ್‌ಗೆ ಟ್ರೇನರ್ ನಾನೊಬ್ಬಳೇ. ಹಾಗಾಗಿ ನನಗೆ ನಾನೇ ಪಾಠ ಮಾಡಿ ಎರಡೂ ಕಾಲಮ್ಮಿಗೆ ಸಹಿ ಹಾಕಿದೆ. ಕ್ಯೂಎ (ಗುಣಮಟ್ಟ ನೋಡುವ ವಿಭಾಗ) ಒಪ್ಪಿಕೊಂಡಿತು!

ಹುಡುಗನಿಗೆ ಸಾರಿ ಹೇಳಲು ಮೂರು ದಿನ ಬೇಕಾಯಿತು. "ಪರವಾಗಿಲ್ಲ ಮೇಡಂ" ಎಂದ. ನನಗೇನೂ ಹಾಗನಿಸಲಿಲ್ಲ. ಈಗ ಜಾಕೆಟ್‌ನಿಂದ ನೀರು ಹೊರಬರುವ ಕಡೆ ಒಂದು ಥರ್ಮಾಮೀಟರ್ ಕಟ್ಟಿದ್ದೇವೆ, ಓದುವ ಕೆಲಸ ಟ್ರೇನಿಯದು. 400 ಪಿಎಸ್‌ಐ ದಾಟಿದರೆ ಗ್ಯಾಸ್ ನಿಲ್ಲಿಸು ಎಂದು ಗೋಡೆಗೆ ಅಂಟಿಸಿದ್ದೇನೆ, ಮುಖ್ಯವಾಗಿ ನನಗೋಸ್ಕರ.

ಪಂಪ್‌ಗೆ ಮೂರು ಮೀಟರ್ ವೈರು ಕೇಳಿದರೆ ಪರ್ಚೇಸ್‌ನವರು ಮೂರು ಕೊಟೇಶನ್ ಕೇಳಿದರು. ಕೊನೆಗೆ ನಾನೇ ಎಸ್‌ಪಿ ರೋಡಿನ ಅಂಗಡಿಗೆ ಹೋಗಿ ತಂದೆ, ಎಲೆಕ್ಟ್ರಿಷಿಯನ್‌ಗೆ ಟೀ ಕೊಡಿಸಿ ಹಾಕಿಸಿದೆ. ಬಿಲ್ ಇನ್ನೂ ಪಾಸಾಗಿಲ್ಲ.