ರಿಸಲ್ಟ್‌ಗಿಂತ ಮೊದಲೇ ಬಂದ ಕೊನೆಯ ದಿನಾಂಕ

2022ರ ಆಗಸ್ಟ್‌ನಲ್ಲಿ, ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗೆ ಅರ್ಜಿ ಕರೆದಾಗ ನಮ್ಮ ಬಿಕಾಂ ಕೊನೆಯ ಸೆಮಿಸ್ಟರ್ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ನಾವು 2019ರಲ್ಲಿ ಸೇರಿದ ಬ್ಯಾಚ್. ಕೋವಿಡ್‌ನಲ್ಲಿ ಹಳಿ ತಪ್ಪಿದ ಕ್ಯಾಲೆಂಡರ್ ಕೊನೆವರೆಗೂ ಸರಿಹೋಗಲಿಲ್ಲ, ಒಂದು ಸೆಮಿಸ್ಟರ್ ತಡವಾದರೆ ಅದರ ಬೆನ್ನಿಗೇ ಮುಂದಿನದೂ ತಡ. 2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಇಳಿದಾಗ ಪಾಠವೂ ನಿಂತಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಕಡಿಮೆ ಸಂಬಳಕ್ಕೆ, ಅದೂ ತಿಂಗಳುಗಟ್ಟಲೆ ಕಾದು, ಯಾರು ತಾನೇ ಸುಮ್ನೆ ಪಾಠ ಮಾಡ್ತಾರೆ?

ಪಿಒ ಪರೀಕ್ಷೆಯ ನಿಯಮ ಸ್ಪಷ್ಟ. ಅರ್ಜಿ ಹಾಕುವ ದಿನ ನೀವು ಪದವೀಧರರಾಗಿರಬೇಕು, ಅದಕ್ಕೆ ಅಂಕಪಟ್ಟಿ ಇರಬೇಕು. ಫೈನಲ್ ಇಯರ್‌ನವರಿಗೆ ಅವಕಾಶ ಇಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಾದರೆ ಪದವಿಯ ಕೊನೆಯ ಪರೀಕ್ಷೆ ಬರೆಯುತ್ತಿರುವವರೂ ಪ್ರಿಲಿಮ್ಸ್ ಬರೆಯಬಹುದು. ಇಲ್ಲಿ ಹಾಗಿಲ್ಲ. ಎರಡು ವರ್ಷದಿಂದ ರೀಸನಿಂಗು (ತರ್ಕ), ಕ್ವಾಂಟು (ಲೆಕ್ಕ) ಅಂತ ದಿನಾ ಬೆಳಿಗ್ಗೆ ಎದ್ದು ಓದಿದ್ದೆ. ಫಾರ್ಮ್ ತೆರೆದರೆ ಪದವಿ ಪಾಸಾದ ದಿನಾಂಕ ಕೇಳುವ ಕಾಲಂನಲ್ಲಿ ತುಂಬಲು ನನ್ನ ಹತ್ತಿರ ಏನೂ ಇರಲಿಲ್ಲ.

ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಅಪ್ಪನ ಜೊತೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದೆ. ಪರೀಕ್ಷೆ ಮುಗಿಯದೆ ರಿಸಲ್ಟ್ ಕೊಡಲ್ಲ ಅಂತ ಗೊತ್ತಿತ್ತು. ಆದರೂ ಯಾವಾಗ ಕೊಡ್ತೀರಿ ಅಂತಾದರೂ ಬರೆದು ಕೊಡಿ, ಅದನ್ನಿಟ್ಟುಕೊಂಡು ಎಲ್ಲಾದರೂ ಕೇಳಿ ನೋಡೋಣ ಅನ್ನೋದು ಅಪ್ಪನ ಆಸೆ. ಕೌಂಟರ್‌ನಲ್ಲಿದ್ದವರು ಒಳ್ಳೆಯವರೇ. "ಪರೀಕ್ಷೆ ಮುಗೀಬೇಕು, ವ್ಯಾಲ್ಯುವೇಷನ್ ಆಗ್ಬೇಕು, ಆಮೇಲೆ ರಿಸಲ್ಟು. ದಿನಾಂಕ ನಾವು ಹೇಗೆ ಹೇಳೋಣ ಕಣಮ್ಮ" ಅಂದರು. ಮೇಲಿನ ಅಧಿಕಾರಿ ಮೀಟಿಂಗ್‌ನಲ್ಲಿದ್ದರು. ಮಧ್ಯಾಹ್ನದವರೆಗೆ ಕಾದೆವು. ಅಲ್ಲಿ ಕಾಯ್ತಿದ್ದವರು ನಾವು ಮಾತ್ರ ಅಲ್ಲ. ಹುಡುಗನೊಬ್ಬನಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತ್ತು, ಎಲ್ಲಾ ಸೆಮಿಸ್ಟರ್ ಅಂಕಪಟ್ಟಿ ತಂದು ಸೇರಿಕೊಳ್ಳಿ ಅಂದಿದ್ದರು, ಅವನೂ ಆ ಕಂಪನಿಗೆ ತೋರಿಸಲು ಒಂದು ಪತ್ರ ಕೇಳ್ತಿದ್ದ. ಇನ್ನೊಬ್ಬಳು ಬೇರೆ ರಾಜ್ಯದಲ್ಲಿ ಎಂಕಾಂ ಸೀಟು ಹಿಡಿದಿದ್ದಳು, ಅಲ್ಲಿ ಕ್ಲಾಸುಗಳು ಆಗಲೇ ಶುರುವಾಗಿದ್ದವು. ನಮಗೆ ಯಾರಿಗೂ ಪತ್ರ ಸಿಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಕೇಳಿದ್ದು ಒಂದೇ ಮಾತು. "ನೀನು ಫೇಲಾಗಿಲ್ಲ ಅಲ್ವಾ, ಮತ್ತೆ ಯಾಕೆ ಒಂದು ವರ್ಷ ಹೋಯ್ತು?" ನನಗೆ ಉತ್ತರ ಕೊಡಲು ಆಗಲಿಲ್ಲ.

ಪರೀಕ್ಷೆ ಮೂರು ತಿಂಗಳು ಮುಂದೆ ಹೋದರೆ ಮೂರೇ ತಿಂಗಳು ನಷ್ಟ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಪಿಒ ನೇಮಕಾತಿ ವರ್ಷಕ್ಕೊಮ್ಮೆ, ಸ್ನಾತಕೋತ್ತರ ಪ್ರವೇಶವೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಒಂದು ದಿನ ತಪ್ಪಿದರೂ ಪೂರ್ತಿ ವರ್ಷ ಹೋಗುತ್ತದೆ. ಪಿಒ ಹುದ್ದೆಗೆ ಸಾಮಾನ್ಯ ವರ್ಗದವರ ವಯಸ್ಸಿನ ಮಿತಿ 30. ಮನೆಯ ಕಷ್ಟಕ್ಕೆ ನಡುವೆ ಓದು ಬಿಟ್ಟು, ದುಡಿದು, ಮತ್ತೆ ಕಾಲೇಜಿಗೆ ಬಂದವರಿಗೆ ಆ ಒಂದು ವರ್ಷ ಎಷ್ಟು ದೊಡ್ಡದು ಅಂತ ಅವರನ್ನೇ ಕೇಳಬೇಕು. ಕಾಯುವ ಆ ತಿಂಗಳುಗಳಲ್ಲೇ ನನ್ನ ಗೆಳತಿಯೊಬ್ಬಳಿಗೆ ಮನೆಯಲ್ಲಿ ಗಂಡು ನೋಡಿ ಮದುವೆ ಮಾಡಿದರು. ಓದು ಅಲ್ಲಿಗೇ ನಿಂತಿತು.

ವಿದ್ಯಾರ್ಥಿ ಪದವಿಗೆ ಅರ್ಹನಾಗಬೇಕಾದ ದಿನದಿಂದ 180 ದಿನದೊಳಗೆ ಪದವಿ ಪ್ರದಾನ ಆಗಬೇಕು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ರೂಪಿಸುವ ಯುಜಿಸಿಯ 2008ರ ನಿಯಮ ಹೇಳುತ್ತದೆ. ಇದು ನನಗೆ ಆಮೇಲೆ ಗೊತ್ತಾಯ್ತು. ಆದರೆ ನಮ್ಮಂಥವರಿಗೆ ಬೇಕಾದದ್ದು ಅದಕ್ಕೂ ಚಿಕ್ಕದು. ಪರೀಕ್ಷೆಯ ವೇಳಾಪಟ್ಟಿ ಹಾಕುವ ಮುಂಚೆ ವಿಶ್ವವಿದ್ಯಾಲಯದವರು ಆ ವರ್ಷದ ದೊಡ್ಡ ನೇಮಕಾತಿಗಳ ದಿನಾಂಕ ಒಮ್ಮೆ ನೋಡಲಿ. ಬೇರೆ ಸೆಮಿಸ್ಟರ್‌ಗಳಿಗಿಂತ ಮೊದಲು ಕೊನೆಯ ವರ್ಷದವರ ಉತ್ತರ ಪತ್ರಿಕೆ ತಿದ್ದಿಸಲಿ. ರಿಸಲ್ಟ್ ಯಾವ ವಾರ ಬರುತ್ತದೆ ಅಂತ ಬರವಣಿಗೆಯಲ್ಲಿ ಕೊಡಲಿ.

ನಾನು ಮುಂದಿನ ವರ್ಷ ಅರ್ಜಿ ಹಾಕಿದೆ. ಕ್ಯಾಂಪಸ್ ಕೆಲಸದ ಆ ಹುಡುಗನಿಗೆ ಕಂಪನಿಯವರು ಕಾದರೋ ಇಲ್ಲವೋ, ಯಾರನ್ನು ಕೇಳೋದು? ಅವನ ಹೆಸರೂ ನನಗೆ ಗೊತ್ತಿಲ್ಲ.