ಬಿ.ಪಿ.ಇಡಿ. ವಿದ್ಯಾರ್ಥಿಗಳಿಗೆ: 200 ಮೀಟರ್ ಟ್ರ್ಯಾಕ್ ಹಾಕುವ ಲೆಕ್ಕ

ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಇಡಿ.ಯ ಎರಡು ವರ್ಷಗಳಲ್ಲಿ ಅಂಗರಚನೆ, ಮನಶ್ಶಾಸ್ತ್ರ ಎಲ್ಲವನ್ನೂ ಓದಿಕೊಂಡು ಬರೆಯಬಹುದು. ಆದರೆ ಟ್ರ್ಯಾಕ್ ಗುರುತು ಮಾಡುವುದು ಕೈಗೆ ಹತ್ತಬೇಕಾದ ವಿದ್ಯೆ. ನಮ್ಮ ಬಹುಪಾಲು ಶಾಲೆಗಳಲ್ಲಿ 400 ಮೀಟರ್‌ಗೆ ಜಾಗವೇ ಇರುವುದಿಲ್ಲ, ಆದ್ದರಿಂದ 200ರ ಲೆಕ್ಕ ಬಾಯಿಗೆ ಬರಲಿ.

ನೇರ ಭಾಗ ತಲಾ 40 ಮೀಟರ್ ಇಟ್ಟರೆ ಎರಡು ತಿರುವುಗಳಿಗೆ 120 ಮೀಟರ್ ಉಳಿಯುತ್ತದೆ. ಅದನ್ನು 2π ಇಂದ ಭಾಗಿಸಿದರೆ ಓಟದ ತ್ರಿಜ್ಯ 19.10. ಇಲ್ಲೇ ಹೆಚ್ಚಿನವರು ಎಡವುವುದು. ಒಳ ಅಂಚಿಗೆ ಕಟ್ಟೆ (ನೆಲದಿಂದ ಎತ್ತರಿಸಿದ ಅಂಚು) ಇದ್ದರೆ ಓಟದ ದೂರವನ್ನು ಅಂಚಿನಿಂದ 30 ಸೆಂ.ಮೀ. ಆಚೆ ಅಳೆಯುತ್ತಾರೆ, ಬರೀ ಪುಡಿಯ ಗೆರೆಯಾದರೆ 20 ಸೆಂ.ಮೀ. ಆದ್ದರಿಂದ ಶಾಲೆಯ ಮೈದಾನದಲ್ಲಿ ಗೆರೆ ಎಳೆಯುವ ತ್ರಿಜ್ಯ 18.90.

ಮೊದಲು 40 × 37.80 ಮೀಟರ್‌ನ ಆಯತ ಹಾಕಿ. ಮೂಲೆ ಲಂಬಕೋನವಾಗಲು 6-8-10 ಮೀಟರ್ ತ್ರಿಕೋನ ಸಾಕು, ಆದರೂ ಎರಡೂ ಕರ್ಣಗಳನ್ನು ಅಳೆಯಿರಿ: 55.03 ಬರಬೇಕು. 37.80ರ ಬದಿಗಳ ನಡುಬಿಂದುವಿಗೆ ಗೂಟ ಹೊಡೆದು, ಸ್ಟೀಲ್ ಟೇಪಿನಿಂದ ಅರ್ಧವೃತ್ತ ಎಳೆಯಿರಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ.

ಲೇನ್ ಅಗಲ 1.22 ಮೀಟರ್, ಬಲಗೆರೆಯೂ ಸೇರಿ. ಹೊರ ಲೇನಿನ ಸುತ್ತು ದೊಡ್ಡದಾದ್ದರಿಂದ, ಒಂದು ಪೂರ್ಣ ಸುತ್ತಿನ ಓಟಕ್ಕೆ ಎರಡನೇ ಲೇನಿನ ಆರಂಭ 7.67 ಮೀಟರ್ ಮುಂದೆ, ಮೂರನೆಯದು 15.33, ನಾಲ್ಕನೆಯದು 23.00. ಕಟ್ಟೆ ಇರುವ ಟ್ರ್ಯಾಕಿನ 7.04 ಅನ್ನು ಬಾಯಿಪಾಠ ಮಾಡಿ ಇಲ್ಲಿ ಹಾಕಿದರೆ, ಹೊರಗಿನ ಮಕ್ಕಳೆಲ್ಲ 63 ಸೆಂ.ಮೀ. ಹೆಚ್ಚು ಓಡುತ್ತಾರೆ.

ಗೆರೆಗೆ ಚಾಕ್ ಪುಡಿ ಬಳಸಿ. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಬಿದ್ದರೆ ತಡಮಾಡದೆ ನೀರು ಹರಿಸುತ್ತಾ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.